ತಪ್ಪಿಸಿಕೊಂಡವನ ಕೀರ್ತಿ

ವಿಕ್ಟೋರಿಯಾ ರಾಣಿಯ ಕಾಲದ ಪತ್ತೇದಾರಿ ಕಥೆಗಳನ್ನು ಧ್ವನಿನಾಟಕಗಳನ್ನಾಗಿ ಮಾಡಿ ಕೇಳಿಸುವ ಕೆಲಸ ಇಂಗ್ಲೆಂಡ್ ಅಮೆರಿಕಗಳಲ್ಲಿ ತೊಂಬತ್ತು ವರ್ಷಗಳಿಗೂ ಮಿಕ್ಕಿ ನಡೆದು ಬಂದಿದೆ. 1930ರ ಅಕ್ಟೋಬರಿನಲ್ಲಿ ವಿಲಿಯಂ ಜಿಲೆಟ್ ಎಂಬ ವೃದ್ಧ ನಟನು ಅಮೆರಿಕದ ಬಾನುಲಿಯಲ್ಲಿ ಷರ್ಲಾಕ್ ಹೋಮ್ಸನಾಗಿ ಮಾತನಾಡಿದನು. 1989ರಿಂದ 1998ರ ವರೆಗೆ ಬಿ.ಬಿ.ಸಿ.ಯವರು ಕ್ಲೈವ್ ಮೆರಿಸನ್ನನ ಕಂಠದಲ್ಲಿ ಕಾನನ್ ಡಾಯ್ಲ್ ಬರೆದ 4 ಕಾದಂಬರಿಗಳನ್ನೂ 56 ಕಥೆಗಳನ್ನೂ ಒಂದನ್ನೂ ಬಿಡದೆ ಪ್ರಸಾರ ಮಾಡಿದರು. ಬಾನುಲಿಯಿಂದ ಧ್ವನಿಸುರುಳಿಗೆ, ಸುರುಳಿಯಿಂದ ಸಿ.ಡಿ.ಗೆ, ಅಲ್ಲಿಂದ ಕೈಫೋನಿಗೆ ಇಳಿದ ಈ ನಾಟಕಗಳು ಇಂದು ಇಂಗ್ಲಿಷ್ ಬಲ್ಲ ನಮ್ಮ ತರುಣರ ಕಿವಿಯನ್ನೂ ತಲುಪಿವೆ. ಕನ್ನಡದಲ್ಲಿ ಧ್ವನಿನಾಟಕ ಬರೆಯಹೊರಡುವವರು ಇವನ್ನೇ ಮಾದರಿಯಾಗಿ ಕಣ್ಣೆದುರಿಗೆ ಇಟ್ಟುಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಆದುದರಿಂದಲೇ ಆ ಮಾದರಿಯ ಗುಣದೋಷಗಳನ್ನು ವಿಚಾರಿಸುವುದು ನಮ್ಮ ಕರ್ತವ್ಯವಾಗಿದೆ.

ಈ ನಾಟಕಗಳಲ್ಲಿ ಒಂದು ಪಂಗಡವುಂಟು. ಕುಖ್ಯಾತ ಕೊಲೆಗಡುಕನೊಬ್ಬನು ಸೆರೆಯಿಂದ ತಪ್ಪಿಸಿಕೊಂಡಿದ್ದಾನೆ. ಊರಿಗೆ ಮಂಜು ಕವಿದಿದೆ. ಕಲ್ಲುಹಾಸಿನ ಮೇಲೆ ಕುದುರೆಯ ಗೊರಸು ಸದ್ದು ಮಾಡುತ್ತದೆ, ಗಡಿಯಾರದ ಗೋಪುರ ಹನ್ನೆರಡು ಹೊಡೆಯುತ್ತದೆ, ಯಾರದೋ ಹೆಜ್ಜೆ ಹತ್ತಿರವಾಗುತ್ತದೆ, ಒಂದು ಚೀತ್ಕಾರ ಕೇಳಿಸುತ್ತದೆ. ಕೂಡಲೇ ವಾದ್ಯಗಳು ಮೊಳಗುತ್ತವೆ. ಆಮೇಲೆ ಕೊಲೆಗಡುಕನು ನಗುತ್ತಾನೆ, ಪತ್ತೇದಾರನು ತರ್ಕಿಸುತ್ತಾನೆ, ಇಬ್ಬರೂ ಒಬ್ಬರ ಬುದ್ಧಿಯನ್ನೊಬ್ಬರು ಮೆಚ್ಚಿಕೊಳ್ಳುತ್ತಾರೆ. ಚೀರಿದವರು ಯಾರು, ಅವರ ಮನೆಯಲ್ಲಿ ಮರುದಿನ ಒಲೆ ಹೊತ್ತಿತೇ ಎಂಬುದನ್ನು ಯಾರೂ ಕೇಳುವುದಿಲ್ಲ.

ಈ ಮಾದರಿ ಕಲೆಯ ದೃಷ್ಟಿಯಿಂದ ಬಡವಾದದ್ದು, ಚರಿತ್ರೆಯ ದೃಷ್ಟಿಯಿಂದ ಸುಳ್ಳಾದದ್ದು, ನೀತಿಯ ದೃಷ್ಟಿಯಿಂದ ನಿರ್ದಯವಾದದ್ದು ಎಂಬುದೇ ನಮ್ಮ ವಾದ. ಬರಿಯ ಮಾತಿನಿಂದ ವಾದ ನಿಲ್ಲುವುದಿಲ್ಲ. ಆದುದರಿಂದ ಈ ಬಗೆಯ ಕಥೆಗಳಿಗೆಲ್ಲ ಮೂಲಪುರುಷನಂತಿರುವ ಒಬ್ಬ ನಿಜವಾದ ಕೊಲೆಗಡುಕನ ವೃತ್ತಾಂತವನ್ನೇ ಪರೀಕ್ಷಿಸೋಣ. ಅವನು ಷೆಫೀಲ್ಡಿನ ಚಾರ್ಲ್ಸ್ ಪೀಸ್.

ಪೀಸ್ ಹುಟ್ಟಿದ್ದು 1832ರಲ್ಲಿ. ಹುಡುಗನಾಗಿದ್ದಾಗಲೇ ಉಕ್ಕಿನ ಕಾರ್ಖಾನೆಯಲ್ಲಿ ಪೆಟ್ಟು ತಿಂದು ಕಾಲು ಊನವಾಯಿತು. ಪಿಟೀಲು ಬಾರಿಸುವುದರಲ್ಲಿ ಜಾಣನಾಗಿದ್ದ. ಕನ್ನ ಹಾಕುವುದರಲ್ಲಿ ಇನ್ನೂ ಜಾಣ. 1876ರ ಆಗಸ್ಟ್ 1ರ ರಾತ್ರಿ ಮ್ಯಾಂಚೆಸ್ಟರಿನ ಹೊರವಲಯದ ವ್ಹಾಲಿ ರೇಂಜ್ ಎಂಬಲ್ಲಿ, ತನ್ನನ್ನು ಹಿಡಿಯಬಂದ ನಿಕೋಲಸ್ ಕಾಕ್ ಎಂಬ ಎಳೆಯ ಪೊಲೀಸ್ ಪೇದೆಯನ್ನು ಗುಂಡಿಟ್ಟು ಕೊಂದನು. ಅದೇ ವರ್ಷದ ನವೆಂಬರ್ 29ರಂದು ಷೆಫೀಲ್ಡಿನ ಬ್ಯಾನರ್ ಕ್ರಾಸಿನಲ್ಲಿ ಆರ್ಥರ್ ಡೈಸನ್ ಎಂಬ ಇಂಜಿನಿಯರನನ್ನು ಅವನ ಹೆಂಡತಿಯ ಕಣ್ಣೆದುರಿಗೇ ಕೊಂದನು. ಪೀಸನ ಉಪಟಳವನ್ನು ತಾಳಲಾರದೆ ಹಳೆಯ ನೆರೆಯನ್ನು ಬಿಟ್ಟು ಅಲ್ಲಿಗೆ ಮನೆ ಬದಲಾಯಿಸಿಕೊಂಡು ಬಂದಿದ್ದ ದಂಪತಿಗಳು ಅವರು. ಆಮೇಲೆ ಸುಮಾರು ಎರಡು ವರ್ಷ ಅವನು ಯಾರ ಕೈಗೂ ಸಿಗಲಿಲ್ಲ. ತಲೆಯ ಮೇಲೆ 100 ಪೌಂಡ್ ಬಹುಮಾನವಿತ್ತು.

ಆ ಎರಡು ವರ್ಷ ಅವನು ಎಲ್ಲಿದ್ದ? ನಾಟಕದವರನ್ನು ಕೇಳಿದರೆ ಮಂಜಿನಲ್ಲಿ, ನೆಲಮಾಳಿಗೆಗಳಲ್ಲಿ, ನದಿಯ ದಂಡೆಯ ಕತ್ತಲಿನಲ್ಲಿ ಎಂದಾರು. ಅವನಿದ್ದದ್ದು ಲಂಡನ್ನಿನ ಪೆಕ್‌ಹ್ಯಾಮಿನ ಎವಲೀನಾ ರಸ್ತೆಯ ಒಂದು ಒಳ್ಳೆಯ ಮನೆಯಲ್ಲಿ, ಥಾಮ್ಸನ್ ಎಂಬ ಹೆಸರಿನ ಸದ್ಗೃಹಸ್ಥನಾಗಿ. ಭಾನುವಾರ ಚರ್ಚಿಗೆ ಹೋಗುತ್ತಿದ್ದ. ಸಂಜೆ ನೆರೆಯವರನ್ನು ಕರೆದು ಸಂಗೀತ ಕೇಳಿಸುತ್ತಿದ್ದ. ರಾತ್ರಿ ಅಂಥ ನೆರೆಯವರ ಮನೆಗಳಿಗೇ ಕನ್ನ ಹಾಕುತ್ತಿದ್ದ. ಒಳ್ಳೆಯ ಕೋಟು, ಒಳ್ಳೆಯ ಮನೆ, ಒಳ್ಳೆಯ ಸಂಗೀತ ಇದ್ದವನನ್ನು ಯಾರೂ ಅನುಮಾನಿಸಲಿಲ್ಲ. ಮರ್ಯಾದಸ್ಥರ ನಡುವೆ ಬಯಲಾಗಿಯೇ ಬದುಕಿದ್ದುದರಿಂದ ಅವನು ಸಿಗಲಿಲ್ಲ; ಕತ್ತಲು ಅವನಿಗೆ ಮಾಡಿದ ಉಪಕಾರ ಬಲು ಕಡಿಮೆ.

ಕೊನೆಗೆ ಅವನನ್ನು ಹಿಡಿದವರು ಯಾರು? ಕುಶಾಗ್ರಮತಿಯಾದ ಪತ್ತೇದಾರನಲ್ಲ. 1877ರಲ್ಲಿ ಲಂಡನ್ನಿನ ಪತ್ತೇದಾರಿ ಶಾಖೆಯ ಹಿರಿಯ ಅಧಿಕಾರಿಗಳೇ ವಂಚಕರೊಡನೆ ಕೈಸೇರಿಸಿದ ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾಗಿ, 1878ರಲ್ಲಿ ಆ ಶಾಖೆಯನ್ನು ಸಿ.ಐ.ಡಿ. ಎಂದು ಹೊಸದಾಗಿ ಕಟ್ಟಬೇಕಾಗಿ ಬಂದಿತ್ತು. ಅದೇ 1878ರ ಅಕ್ಟೋಬರ್ 10ರ ನಸುಕಿನಲ್ಲಿ ಬ್ಲ್ಯಾಕ್‌ಹೀತ್ ಎಂಬಲ್ಲಿ ಗಸ್ತು ತಿರುಗುತ್ತಿದ್ದ ಎಡ್ವರ್ಡ್ ರಾಬಿನ್ಸನ್ ಎಂಬ ಸಾಮಾನ್ಯ ಪೇದೆ, ಒಂದು ಮನೆಯೊಳಗೆ ದೀಪ ಅಲುಗುವುದನ್ನು ಕಂಡು ಸಂಗಡಿಗರನ್ನು ಕರೆದನು. ಓಡಿದ ಕಳ್ಳನು ಗುಂಡಿನ ಮೇಲೆ ಗುಂಡು ಹಾರಿಸಿದನು. ತೋಳಿಗೆ ಗುಂಡು ಹೊಕ್ಕರೂ ರಾಬಿನ್ಸನ್ ಕೈ ಬಿಡಲಿಲ್ಲ. ಹಿಡಿದವನು ಯಾರೆಂಬುದು ಆಗ ಯಾರಿಗೂ ತಿಳಿಯದು. ಸೆರೆಮನೆಯಿಂದ ಅವನು ಪರಿಚಿತನೊಬ್ಬನಿಗೆ ಬರೆದ ಕಾಗದದಿಂದ ಸುಳಿವು ಹತ್ತಿ, ಕೊನೆಗೆ ಇವನೇ ಪೀಸ್ ಎಂದು ಬಯಲಾಯಿತು. ಎಚ್ಚರ, ಧೈರ್ಯ, ಸಂಗಡಿಗರ ಸಹಾಯ, ಒಂದು ಕಾಗದ: ಕೊಲೆಗಡುಕನನ್ನು ಕೆಡವಿದ್ದು ಇವಿಷ್ಟೆ.

ಇನ್ನು ಆ ಸುಪ್ರಸಿದ್ಧ ಪಲಾಯನ. ಪೇದೆಯ ಕೊಲೆಯತ್ನಕ್ಕಾಗಿ ಜೀವಾವಧಿ ಶಿಕ್ಷೆ ಪಡೆದಿದ್ದ ಪೀಸನನ್ನು ಡೈಸನ್ನನ ಕೊಲೆಯ ವಿಚಾರಣೆಗಾಗಿ 1879ರ ಜನವರಿ 22ರಂದು ರೈಲಿನಲ್ಲಿ ಷೆಫೀಲ್ಡಿಗೆ ಒಯ್ಯುತ್ತಿದ್ದರು. ಊರು ಹತ್ತಿರವಾದಾಗ ಕಾವಲಿನವರ ಕೈತಪ್ಪಿಸಿ ಕಿಟಕಿಯಿಂದ ಹೊರಕ್ಕೆ ಹಾರಿದನು. ಕಾವಲುಗಾರನೊಬ್ಬನು ಅವನ ಪಾದವನ್ನು ಹಿಡಿದುಕೊಂಡನು. ಬೂಟು ಕೈಯಲ್ಲಿ ಉಳಿಯಿತು, ಮನುಷ್ಯನು ಕೆಳಗೆ ಬಿದ್ದನು. ರೈಲು ನಿಂತ ಮೇಲೆ ಕಾವಲಿನವರು ಹಿಂದಕ್ಕೆ ಓಡಿ ನೋಡಿದರೆ ಅವನು ಹಳಿಯ ಪಕ್ಕದಲ್ಲಿ ತಲೆಯೊಡೆದುಕೊಂಡು ಹಿಮದ ಮೇಲೆ ಬಿದ್ದಿದ್ದನು. ಜಗತ್ತೇ ನಡುಗಿತೆಂದು ನಾಟಕಗಳು ಸಾರುವ ಪಲಾಯನದ ಅಳತೆ ಇಷ್ಟು. ಫೆಬ್ರವರಿ 4ರಂದು ಲೀಡ್ಸಿನಲ್ಲಿ ವಿಚಾರಣೆ ನಡೆಯಿತು. ತೀರ್ಪಿಗೆ ಪಂಚರಿಗೆ ಕಾಲುಗಂಟೆಯೂ ಬೇಕಾಗಲಿಲ್ಲ. ಫೆಬ್ರವರಿ 25ರಂದು ಆರ್ಮ್‌ಲಿ ಸೆರೆಮನೆಯಲ್ಲಿ ಅವನನ್ನು ಗಲ್ಲಿಗೇರಿಸಿದರು.

ಆದರೆ ಈ ವೃತ್ತಾಂತದ ಮರ್ಮ ಬೇರೊಂದು ಕಡೆಯಿದೆ. ಪೇದೆ ಕಾಕ್ ಸತ್ತಾಗ ಪೊಲೀಸರು ಹಿಡಿದದ್ದು ಹೇಬ್ರನ್ ಎಂಬ ಮನೆತನದ ಐರಿಷ್ ಸಹೋದರರನ್ನು. ಅವರು ಒಂದು ಸಸಿತೋಟದಲ್ಲಿ ಕೂಲಿ ಮಾಡುತ್ತಿದ್ದ ಪರಸ್ಥಳದವರು. ಕುಡಿತದ ವಿಷಯದಲ್ಲಿ ಕಾಕ್ ಅವರ ಮೇಲೆ ದೂರು ಹಾಕಿದ್ದನು; ಅವರು ಸಿಟ್ಟಿನಿಂದ ಏನೋ ಆಡಿದ್ದರು. ವಿಲಿಯಂ ಹೇಬ್ರನ್ ಇನ್ನೂ ಇಪ್ಪತ್ತು ತುಂಬದ ತರುಣ. ಅವನ ಬೂಟಿನ ಗುರುತು ಕೊಲೆಯಾದ ಜಾಗದ ಹೆಜ್ಜೆಗೆ ಹೋಲುತ್ತದೆಂದರು. ಯಜಮಾನನು ಕೊಟ್ಟ ಹಳೆಯ ಅಂಗಿಯ ಜೇಬಿನಲ್ಲಿ ಬಂದೂಕಿನ ಕೇಪುಗಳು ಸಿಕ್ಕಿದುವೆಂದರು. 1876ರ ನವೆಂಬರ್ 28ರಂದು ಅವನಿಗೆ ಮರಣದಂಡನೆ ವಿಧಿಸಿದರು. ಆ ವಿಚಾರಣೆಯನ್ನು ನ್ಯಾಯಾಲಯದಲ್ಲಿ ಕುಳಿತು ತಾನು ನೋಡುತ್ತಿದ್ದೆನೆಂದು ಪೀಸನೇ ಮುಂದೆ ಹೇಳಿಕೊಂಡನು. ಡೈಸನ್ನನನ್ನು ಕೊಂದದ್ದು ಅದರ ಮರುದಿನ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಕ್ರೂರವಾದ ವ್ಯಾಖ್ಯಾನ ಬೇಕೆ? ಅಂದಿನ ಇಂಗ್ಲೆಂಡಿನಲ್ಲಿ ಕೊಲೆಯ ಆರೋಪಿ ಪ್ರಮಾಣ ಮಾಡಿ ತನ್ನ ಪರವಾಗಿ ತಾನೇ ಸಾಕ್ಷಿ ನುಡಿಯುವಂತಿರಲಿಲ್ಲ. ಆ ಹಕ್ಕು ಬಂದದ್ದು 1898ರ ಕಾಯಿದೆಯಿಂದ. ತೀರ್ಪು ತಪ್ಪಾದರೆ ಮೇಲ್ಮನವಿ ಕೇಳುವ ಕ್ರಿಮಿನಲ್ ನ್ಯಾಯಾಲಯ ಹುಟ್ಟಿದ್ದು 1907ರಲ್ಲಿ. ಹೇಬ್ರನ್ನನ ಎಳೆಯ ವಯಸ್ಸನ್ನು ನೋಡಿ ಪಂಚರು ದಯೆಗೆ ಶಿಫಾರಸು ಮಾಡಿದ್ದರಿಂದ, ಶಿಕ್ಷೆ ಜೀವಾವಧಿ ಕಠಿಣ ಸಜೆಗೆ ಇಳಿದು ಕುತ್ತಿಗೆ ಉಳಿಯಿತು. ಎರಡು ವರ್ಷಕ್ಕೂ ಮಿಕ್ಕಿ ಅವನು ಸೆರೆಯಲ್ಲಿ ಬೆವರು ಸುರಿಸಿದ ಮೇಲೆ, ಗಲ್ಲಿನ ನೆರಳಿನಲ್ಲಿ ನಿಂತ ಪೀಸ್ ಪಾದ್ರಿಯ ಮುಂದೆ ತಪ್ಪೊಪ್ಪಿಕೊಂಡನು. 1879ರ ಮಾರ್ಚಿಯಲ್ಲಿ ಹೇಬ್ರನ್ ಬಿಡುಗಡೆಯಾದನು. ಮಾಡದ ಅಪರಾಧಕ್ಕೆ ಕ್ಷಮೆ ಎಂಬ ಹೆಸರಿನಲ್ಲಿ ಅವನನ್ನು ಬಿಟ್ಟರೆಂಬುದನ್ನು ವಾಚಕರು ಗಮನಿಸಬೇಕು.

ಈಗ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಡೋಣ. ಪರಸ್ಥಳದ ಕೂಲಿಯವನೆಂಬ ಕಾರಣಕ್ಕೆ, ಕುಡಿದು ನಾಲ್ಕು ಮಾತಾಡಿದನೆಂಬ ಕಾರಣಕ್ಕೆ, ಸಮಾಜ ಒಬ್ಬ ನಿರಪರಾಧಿಯಲ್ಲಿ ಕೊಲೆಗಡುಕನನ್ನು ಕಂಡಿತು. ಕೋಟು ತೊಟ್ಟು ಚರ್ಚಿಗೆ ಹೋಗುತ್ತಾನೆಂಬ ಕಾರಣಕ್ಕೆ ಅದೇ ಸಮಾಜ ಒಬ್ಬ ಕೊಲೆಗಡುಕನಲ್ಲಿ ಸದ್ಗೃಹಸ್ಥನನ್ನು ಕಂಡಿತು. ಆ ಯುಗದ ಅಪರಾಧದ ನಿಜವಾದ ನಾಟಕ ಇದು. ಇದರಲ್ಲಿ ಭಯವಿದೆ, ಕರುಣೆಯಿದೆ, ವ್ಯಂಗ್ಯವಿದೆ, ತಿರುವುಗಳಿಗೂ ಕೊರತೆಯಿಲ್ಲ. ಇಷ್ಟನ್ನೂ ಬಿಟ್ಟು ಮಂಜು, ಗೊರಸು, ನಗೆಗಳನ್ನು ಹಿಡಿದುಕೊಂಡು ಕುಳಿತವರನ್ನು ಏನೆನ್ನೋಣ? ಬಂಗಾರದ ಗಣಿಯ ಮೇಲೆ ನಿಂತು ಹೊಟ್ಟು ತೂರುವವರೆನ್ನಬೇಕಷ್ಟೆ.

ಪೀಸನ ಮರಣಾನಂತರದ ಬದುಕನ್ನು ನೋಡಿರಿ. ಗಲ್ಲಾದ ಇಪ್ಪತ್ತಾರು ವರ್ಷಗಳಲ್ಲಿ, 1905ರಲ್ಲಿ, ವಿಲಿಯಂ ಹ್ಯಾಗರ್ ಎಂಬವನು ಅವನ ಜೀವನವನ್ನು ಮೂಕಚಿತ್ರವಾಗಿ ಮಾಡಿ ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸುವ ವಿನೋದಪುರುಷನನ್ನಾಗಿ ತೋರಿಸಿದನು. 1931ರಲ್ಲಿ ಎಡ್ಗರ್ ವಾಲೆಸ್ ಅವನ ಮೇಲೆ ಕಾದಂಬರಿ ಬರೆದನು. 1964ರಿಂದ ಬಸ್ಟರ್ ಎಂಬ ಮಕ್ಕಳ ವಾರಪತ್ರಿಕೆಯಲ್ಲಿ ಅವನು ನಗೆಚಿತ್ರಗಳ ನಾಯಕನಾದನು. ಕಾನನ್ ಡಾಯ್ಲ್ ಕೂಡ 1924ರ ಒಂದು ಕಥೆಯಲ್ಲಿ, ಪೀಸ್ ತನ್ನ ಹಳೆಯ ಪರಿಚಯದವನೆಂದೂ ಪಿಟೀಲಿನಲ್ಲಿ ನಿಪುಣನೆಂದೂ ಹೋಮ್ಸನ ಬಾಯಲ್ಲಿ ಆಡಿಸಿದ್ದಾನೆ. ಕೊಂದವನು ಮಕ್ಕಳ ಆಟಿಕೆಯಾದನು. ಕಾಕ್, ಡೈಸನ್, ಹೇಬ್ರನ್, ರಾಬಿನ್ಸನ್ ಎಂಬ ಹೆಸರುಗಳನ್ನು ಬಲ್ಲವರೆಷ್ಟು ಮಂದಿ?

ಇಲ್ಲಿ ಧ್ವನಿನಾಟಕದ ಹೊಣೆ ಉಳಿದ ಕಲೆಗಳ ಹೊಣೆಗಿಂತ ಹೆಚ್ಚಿನದು. ರಂಗದ ಮೇಲೆ ಕೊಲೆಯಾದರೆ ಹೆಣವಾದರೂ ಅಲ್ಲಿ ಬಿದ್ದಿರುತ್ತದೆ. ಕೊಂದವನು ಎಷ್ಟೇ ಚೆನ್ನಾಗಿ ಮಾತಾಡಲಿ, ಪ್ರೇಕ್ಷಕನ ಕಣ್ಣು ಆಗಾಗ ಅದರ ಕಡೆಗೆ ಹೊರಳುತ್ತದೆ. ಧ್ವನಿನಾಟಕದಲ್ಲಿ ಹೆಣವಿಲ್ಲ. ಅಲ್ಲಿ ಇರುವುದೆಂದರೆ ಸದ್ದು ಮಾಡುವುದು. ಸದ್ದು ನಿಂತಿತೆಂದರೆ ಮನುಷ್ಯನೂ ಇಲ್ಲವಾದನು. ಚೀರಿದವಳು ಚೀತ್ಕಾರದೊಡನೆ ಕರಗಿ ಹೋಗುತ್ತಾಳೆ; ಕೊಂದವನಾದರೋ ಕೇಳುವವನ ಕಿವಿಯ ಬಳಿಯಲ್ಲಿಯೇ ಕುಳಿತು ಗಂಟೆಗಟ್ಟಲೆ ಪಿಸುಗುಟ್ಟುತ್ತಾನೆ. ಮಾಧ್ಯಮದ ಸ್ವಭಾವವೇ ಕೊಂದವನ ಪಕ್ಷಕ್ಕೆ ವಾಲಿರುವಾಗ ನಾಟಕಕಾರನೂ ಅದೇ ಪಕ್ಷಕ್ಕೆ ಸೇರಿದರೆ, ಸತ್ತವರಿಗೆ ದಿಕ್ಕಾರು? ನ್ಯಾಯಾಲಯದಲ್ಲಿ ಬಾಯಿ ತೆರೆಯಲು ಹೇಬ್ರನ್ನನಿಗೆ ಕಾಯಿದೆ ಬಿಡಲಿಲ್ಲ. ಮಾತೇ ಸರ್ವಸ್ವವಾದ ಕಲೆಯಲ್ಲಿಯೂ ಅಂಥವನಿಗೆ ಮಾತಿಲ್ಲವೆಂದರೆ ಅದು ಎರಡನೆಯ ಶಿಕ್ಷೆ.

ನಮ್ಮ ವಾದಕ್ಕೆ ಬರುವ ಉತ್ತರಗಳನ್ನು ನಾವು ಬಲ್ಲೆವು. ಇದು ಮನರಂಜನೆ, ಕೊನೆಯಲ್ಲಿ ದುಷ್ಟನಿಗೆ ಶಿಕ್ಷೆಯಾಗುತ್ತದಲ್ಲ, ಇನ್ನೇನು ಬೇಕು ಎಂಬುದು ಮೊದಲನೆಯ ಉತ್ತರ. ಐವತ್ತೆಂಟು ನಿಮಿಷ ಮೆರವಣಿಗೆ ಮಾಡಿಸಿ ಎರಡು ನಿಮಿಷ ಗಲ್ಲಿಗೆ ಹಾಕಿದರೆ ಕೇಳುವವನ ಮನಸ್ಸಿನಲ್ಲಿ ನಿಲ್ಲುವುದು ಮೆರವಣಿಗೆಯೇ. ಪೀಸನಿಗೆ ಗಲ್ಲಾಯಿತೆಂಬುದನ್ನು ತಿಳಿದೇ ಜನ ಅವನನ್ನು ನಗೆಚಿತ್ರದ ನಾಯಕನನ್ನಾಗಿ ಮಾಡಿಕೊಂಡರೆಂಬುದು ಇದಕ್ಕೆ ಸಾಕ್ಷಿ.

ಎರಡನೆಯ ಉತ್ತರ ಇನ್ನಷ್ಟು ಘನವಾದದ್ದು. ನಿಮ್ಮ ಕನ್ನಡದ ಕವಿಗಳೂ ದುಷ್ಟರನ್ನು ಮೆರೆಸಲಿಲ್ಲವೆ? ರನ್ನನ ದುರ್ಯೋಧನನಾರು, ನಾಗಚಂದ್ರನ ರಾವಣನಾರು, ಯಕ್ಷಗಾನದ ಒಡ್ಡೋಲಗದಲ್ಲಿ ಆರ್ಭಟಿಸುವ ರಕ್ಕಸನಾರು ಎಂದು ಕೇಳಬಹುದು. ಕೇಳಲಿ, ಸಂತೋಷ. ರನ್ನನ ದುರ್ಯೋಧನನು ನಮ್ಮ ಮನಸ್ಸನ್ನು ಗೆಲ್ಲುವುದು ಎಲ್ಲಿ? ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತ, ತನ್ನವರಿಗಾಗಿ ಮಾತ್ರವಲ್ಲದೆ ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ನೆನೆಯುವಾಗ. ಕವಿ ಸತ್ತವರನ್ನು ಎಣಿಸಿದ್ದಾನೆ, ಹೆಸರಿಟ್ಟು ಕರೆದಿದ್ದಾನೆ. ಸತ್ತವರ ಭಾರವನ್ನು ಹೊತ್ತಾಗಲೇ ದುರ್ಯೋಧನನು ದೊಡ್ಡವನಾಗುವುದು. ರಾವಣನ ವೈಭವವೂ ಹಾಗೆಯೇ. ಜಟಾಯುವಿನ ಕಡಿದ ರೆಕ್ಕೆ, ಸೀತೆಯ ಅಳಲು, ಮಂಡೋದರಿಯ ಕಣ್ಣೀರು ಅದಕ್ಕೆ ಅಳತೆಗೋಲುಗಳು. ಅಳತೆಗೋಲನ್ನು ಬಿಸುಟು ಗಾತ್ರವನ್ನು ಹೊಗಳುವವರು ನಮ್ಮ ಕವಿಗಳ ಹೆಸರನ್ನು ಆಸರೆಗೆ ತರಬಾರದು.

ಮೂರನೆಯದಾಗಿ, ಪತ್ತೇದಾರಿ ಸಾಹಿತ್ಯದ ಪ್ರಕೃತಿಯೇ ಹೀಗೆ, ಅದನ್ನು ತಿದ್ದಲಾಗದು ಎನ್ನುವವರುಂಟು. ಅವರು ತಮ್ಮ ಗುರುವನ್ನೇ ಸರಿಯಾಗಿ ಓದಿಲ್ಲ. 1901-02ರಲ್ಲಿ ಪ್ರಕಟವಾದ ಬಾಸ್ಕರ್‌ವಿಲ್‌ನ ಬೇಟೆನಾಯಿಯ ಕಾದಂಬರಿಯಲ್ಲಿ ಸೆಲ್ಡನ್ ಎಂಬ ಕೊಲೆಗಡುಕನು ಸೆರೆಮನೆಯಿಂದ ತಪ್ಪಿಸಿಕೊಂಡು ಡಾರ್ಟ್‌ಮೂರಿನ ಬಯಲಿನಲ್ಲಿ ಅಡಗಿರುತ್ತಾನೆ. ಊರಿಗೆ ಊರೇ ಅವನಿಗೆ ಹೆದರುತ್ತದೆ. ಆದರೆ ಆ ಬಯಲಿನಲ್ಲಿ ನಡೆದ ಅಪರಾಧ ಅವನದಲ್ಲ. ಚಿಟ್ಟೆ ಹಿಡಿಯುತ್ತ ತಿರುಗುವ ವಿದ್ಯಾವಂತ ನೆರೆಯವನದು. ಸೆಲ್ಡನ್ನನಿಗಾಗಿ ಅಕ್ಕನೊಬ್ಬಳು ರಾತ್ರಿಯಲ್ಲಿ ಅಳುತ್ತಾಳೆ. ಅವಳಿಗೆ ಅವನು ಇನ್ನೂ ತಾನು ಎತ್ತಿ ಆಡಿಸಿದ ಮಗು. ತಪ್ಪಿಸಿಕೊಂಡ ಕೊಲೆಗಡುಕನ ಕಥೆಯನ್ನು ಬರೆಯುವ ರೀತಿಯನ್ನು ಡಾಯ್ಲ್ ಆಗಲೇ ತೋರಿಸಿಕೊಟ್ಟಿದ್ದಾನೆ. ಸೆಲ್ಡನ್ನನ ಗರ್ಜನೆಯನ್ನು ಹಿಗ್ಗಿಸಿ ಅಕ್ಕನ ಅಳುವನ್ನು ಕುಗ್ಗಿಸುವ ರೂಪಾಂತರಕಾರರು ಮೂಲಕ್ಕೆ ದ್ರೋಹ ಮಾಡುತ್ತಾರೆ.

ಲೇಖನಿಯ ಹೊರಗೂ ಡಾಯ್ಲ್ ಅದೇ ಪಕ್ಷದಲ್ಲಿ ನಿಂತವನು. ಮುಂಬಯಿಯಿಂದ ಹೋಗಿ ಇಂಗ್ಲೆಂಡಿನಲ್ಲಿ ಪಾದ್ರಿಯಾಗಿದ್ದ ಪಾರಸಿ ಮೂಲದವನೊಬ್ಬನ ಮಗ ಜಾರ್ಜ್ ಎಡಾಲ್ಜಿ. ಜಾನುವಾರುಗಳನ್ನು ಇರಿದನೆಂಬ ಸುಳ್ಳು ಆರೋಪದ ಮೇಲೆ 1903ರಲ್ಲಿ ಅವನಿಗೆ ಏಳು ವರ್ಷ ಕಠಿಣ ಸಜೆಯಾಯಿತು. 1907ರಲ್ಲಿ ಡಾಯ್ಲ್ ಪತ್ರಿಕೆಯಲ್ಲಿ ಲೇಖನಗಳನ್ನು ಬರೆದು, ಆ ಮಂದದೃಷ್ಟಿಯ ತರುಣ ಕತ್ತಲಿನಲ್ಲಿ ಹೊಲ ದಾಟಿ ಹೋಗಿ ಇಂಥ ಕೆಲಸ ಮಾಡಲಾರನೆಂದು ತರ್ಕಿಸಿ ಸರಕಾರವನ್ನು ಅಲುಗಿಸಿದನು. ಅದೇ ವರ್ಷ ಎಡಾಲ್ಜಿಗೆ ಕ್ಷಮೆ ಸಿಕ್ಕಿತು, ಪರಿಹಾರ ಸಿಗಲಿಲ್ಲ. 1909ರಲ್ಲಿ ಕೊಲೆಯ ತಪ್ಪು ತೀರ್ಪಿಗೆ ಗುರಿಯಾದ ಆಸ್ಕರ್ ಸ್ಲೇಟರ್ ಎಂಬ ಜರ್ಮನ್ ಯಹೂದಿಯ ಪರವಾಗಿಯೂ ಡಾಯ್ಲ್ ವರ್ಷಾನುಗಟ್ಟಲೆ ಹೋರಾಡಿದನು. 1928ರಲ್ಲಿ ಆ ತೀರ್ಪು ರದ್ದಾಯಿತು. ಎಡಾಲ್ಜಿ, ಸ್ಲೇಟರ್, ಹೇಬ್ರನ್ ಮೂವರೂ ಬಹುಮಂದಿಯ ಕಣ್ಣಿಗೆ ಹೊರಗಿನವರು. ಹೊರಗಿನವರಾದ್ದರಿಂದಲೇ ಸುಲಭವಾಗಿ ಅಪರಾಧಿಗಳಾದರು. ಹೋಮ್ಸನ ಟೋಪಿಯನ್ನೂ ಭೂತಗನ್ನಡಿಯನ್ನೂ ಆಸ್ತಿಯೆಂದು ಹಂಚಿಕೊಂಡವರು ಈ ಆಸ್ತಿಯನ್ನೇಕೆ ಬಿಟ್ಟರು?

ದಾರಿ ಇಲ್ಲವೆಂಬ ಮಾತೂ ಸಲ್ಲದು. 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲಿನಲ್ಲಿ ಐವರು ಹೆಂಗಸರನ್ನು ಕೊಂದು ಕೈಗೆ ಸಿಗದೆ ಹೋದವನ ಮೇಲೆ ಪುಸ್ತಕಗಳ ರಾಶಿಯೇ ಬಿದ್ದಿದೆ. ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ಚರಿತ್ರಕಾರ್ತಿ 2019ರಲ್ಲಿ ಆ ಐವರ ಜೀವನವನ್ನೇ ವಸ್ತುವಾಗಿಟ್ಟುಕೊಂಡು ಗ್ರಂಥ ಬರೆದಳು. ಅವರು ಎಲ್ಲಿ ಹುಟ್ಟಿದರು, ಏನು ದುಡಿದರು, ಯಾವ ಬಡತನ ಅವರನ್ನು ಬೀದಿಗೆ ತಳ್ಳಿತು ಎಂಬುದನ್ನು ಹೇಳಿದಳು. ಕೊಲೆಗಡುಕನನ್ನು ಬದಿಗೆ ಸರಿಸಿಯೂ ಪುಸ್ತಕ ನಿಂತಿತು, ಓದುಗರೂ ಬಂದರು. ಓದುಗರಿಗೆ ಸಾಧ್ಯವಾದದ್ದು ಕೇಳುಗರಿಗೆ ಅಸಾಧ್ಯವೆಂದು ಹೇಳುವವರು ಕೇಳುಗರನ್ನು ಅವಮಾನಿಸುತ್ತಾರೆ.

ಯಾವ ನಾಟಕವನ್ನೂ ನಿಷೇಧಿಸಬೇಕೆಂದು ನಾವು ಹೇಳುತ್ತಿಲ್ಲ. ಬರೆಯುವವರಲ್ಲಿ, ಮುಖ್ಯವಾಗಿ ಕನ್ನಡದಲ್ಲಿ ಬರೆಯಹೊರಡುವವರಲ್ಲಿ, ನಮ್ಮ ಬೇಡಿಕೆಗಳು ಮೂರೇ. ಸಾಯುವವನಿಗೆ ಸಾಯುವ ಮುನ್ನ ಒಂದು ಬದುಕನ್ನು ಕೊಡಿರಿ; ಅವನು ಮಾತಾಡಲಿ, ಹಾಡಿಕೊಳ್ಳಲಿ, ಹೆಂಡತಿಯೊಡನೆ ಜಗಳವಾಡಲಿ, ಆಮೇಲೆ ಅವನ ಮೌನ ಕೇಳುವವನಿಗೆ ಭಾರವಾಗಲಿ. ತಪ್ಪಾಗಿ ಹಿಡಿಯಲ್ಪಟ್ಟವನಿಗೆ ಕಾಯಿದೆ ಕೊಡದ ಸಾಕ್ಷಿಕಟ್ಟೆಯನ್ನು ನಿಮ್ಮ ನಾಟಕದಲ್ಲಿ ಕಟ್ಟಿಕೊಡಿರಿ. ಹಿಡಿದವನು ಯಾರೆಂದು ನಿಜ ಹೇಳಿರಿ. ತೋಳಿಗೆ ಗುಂಡು ತಗುಲಿದರೂ ಕೈಬಿಡದ ಪೇದೆಯ ಏದುಸಿರು ಪತ್ತೇದಾರನ ಜಾಣಮಾತಿಗಿಂತ ಬಡವಾದ ಧ್ವನಿಯೇನಲ್ಲ.

ತಪ್ಪಿಸಿಕೊಂಡವನು ರೈಲಿನಿಂದ ಹಾರಿ ಸ್ವಲ್ಪ ಹೊತ್ತಿನಲ್ಲಿಯೇ ಸಿಕ್ಕಿಬಿದ್ದನು. ನಾಟಕಗಳು ಅವನನ್ನು ಇಂದಿಗೂ ಓಡಿಸುತ್ತಲೇ ಇವೆ. ಅವನು ಓಡಿದಷ್ಟು ಹೊತ್ತೂ ಸಸಿತೋಟದ ಆ ಕೂಲಿ ಹುಡುಗನು, ಮಾಡದ ಕೊಲೆಯನ್ನು ಹೊತ್ತು, ನಮ್ಮ ಕಿವಿಯಾಚೆ ಕಲ್ಲು ಒಡೆಯುತ್ತಲೇ ಇರುತ್ತಾನೆ. ಅವನನ್ನು ಬಿಡಿಸುವ ಅಧಿಕಾರ ಈಗ ಯಾವ ಮಂತ್ರಿಯ ಕೈಯಲ್ಲಿಯೂ ಇಲ್ಲ; ಬರೆಯುವವರ ಕೈಯಲ್ಲಿದೆ, ಕೇಳುವವರ ಕೈಯಲ್ಲಿದೆ.